ಪ್ರಿಯೆಟಾ ಹೊಳೆಗೆ ಬಂದ ಉತ್ತರ

"ಮೇಷ್ಟ್ರೇ, ಇವತ್ತು ನನ್ನ ಹೆಸರು ಎತ್ತಬೇಡಿ."

ಟೈ ಕಟ್ಟಿಕೊಳ್ಳುತ್ತಿದ್ದ ದೋನ್ ಓಲ್ಮನ್ ಅರ್ಧಕ್ಕೇ ಕೈ ನಿಲ್ಲಿಸಿ ತಿರುಗಿ ನೋಡಿದರು. ರೇಡಿಯೋ ಕೋಣೆಯ ಬಾಗಿಲಲ್ಲಿ ದೋನ್ಯಾ ಒದಿಲಿಯಾ ನಿಂತಿದ್ದರು. ನಮ್ಮಲ್ಲಿ ಗಂಡಸರಿಗೆ ದೋನ್, ಹೆಂಗಸರಿಗೆ ದೋನ್ಯಾ ಅನ್ನುವುದು ಮರ್ಯಾದೆ. ತಲೆಯ ಮೇಲೆ ಮಳೆಗೆಂದು ಕವುಚಿಕೊಂಡ ಪ್ಲಾಸ್ಟಿಕ್ ಚೀಲ, ಕೈಯಲ್ಲಿ ತಮಾಲೆಯ ಪಾತ್ರೆ. ಬಾಳೆಎಲೆಯಲ್ಲಿ ಕಟ್ಟಿ ಬೇಯಿಸಿದ ಜೋಳದ ಹಿಟ್ಟಿನ ವಾಸನೆ ಅವರಿಗಿಂತ ಮೊದಲೇ ಒಳಗೆ ಬಂದಿತ್ತು.

"ಒಳಗೆ ಬನ್ನಿ ದೋನ್ಯಾ, ಪೂರ್ತಿ ನೆಂದಿದ್ದೀರಿ."

"ಬರಲ್ಲ. ಹೊಳೆ ಏರ್ತಾ ಇದೆ, ದಾಟ್ಕೊಂಡು ಹೋಗ್ಬೇಕು. ಇದನ್ನ ತಿನ್ನಿ, ಎರಡು ಗಂಟೆ ಬಾಯಿ ಮುಚ್ಚದೆ ಮಾತಾಡೋರು ನೀವು. ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು."

"ಮಗಳು ಯೆಸೆನಿಯಾ ನಾಲ್ಕೂವರೆ ಬಸ್ಸಿಗೆ ಬರ್ತಿದ್ದಾಳೆ. ಮರಿಪಾಸ್‌ನ ಕರ್ಕೊಂಡು ಹೋಗ್ತಾಳಂತೆ. ಫೆಬ್ರವರಿಯಿಂದ ಮಗೂಗೆ ಅಲಹುವೇಲಾದಲ್ಲೇ ಶಾಲೆ. ಹೋಗೋ ದಿನ ಅಜ್ಜಿ ಹೆಸರು ಬಂದ ತಕ್ಷಣ ಊರೆಲ್ಲ ಕಿಸಕ್ಕಂತ ನಗೋದು ಆ ಮಗು ಕಿವಿಗೆ ಬೀಳಬಾರದು. ಅಷ್ಟೇ ನಾನು ಕೇಳೋದು."

"ಎತ್ತಲ್ಲ ಬಿಡಿ," ಅಂದರು ಓಲ್ಮನ್ ಮೇಷ್ಟ್ರು. ಒದಿಲಿಯಾ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಚೀಲವನ್ನು ಹಣೆಯವರೆಗೆ ಎಳೆದುಕೊಂಡು ಹೊರಟೇ ಹೋದರು. ಮೇಷ್ಟ್ರಿಗೆ ಒಂದು ಕಡೆ ಹಾಯೆನಿಸಿತು, ಇನ್ನೊಂದು ಕಡೆ ಹಾಗೆ ಹಾಯೆನಿಸಿದ್ದಕ್ಕೇ ನಾಚಿಕೆಯಾಯಿತು. ಆ ಹೆಸರನ್ನು ಎತ್ತಬಾರದೆಂದು ಅವರೇ ಮೊದಲು ತೀರ್ಮಾನ ಮಾಡಿಕೊಂಡಿದ್ದರು.

ರೇಡಿಯೋದಲ್ಲಿ ಟೈ ಯಾರಿಗೂ ಕಾಣುವುದಿಲ್ಲ. ಆದರೂ ವರ್ಷಕ್ಕೊಂದು ದಿನ, ರಾಜಧಾನಿಯಲ್ಲಿರುವ ನಮ್ಮ ಕೋಸ್ಟರಿಕಾದ ಸರ್ವೋಚ್ಚ ನ್ಯಾಯಾಲಯದ ನಾಲ್ಕನೇ ಪೀಠ ಕ್ರಿಸ್‌ಮಸ್ ರಜೆಗೆ ಬಾಗಿಲು ಹಾಕುವ ವಾರದಲ್ಲಿ, ಓಲ್ಮನ್ ಟೈ ಕಟ್ಟಿಕೊಂಡೇ ಮೈಕಿನ ಮುಂದೆ ಕೂರುತ್ತಾರೆ. ಆ ವರ್ಷ ಪೀಠ ಕೊಟ್ಟ ದೊಡ್ಡ ತೀರ್ಪುಗಳನ್ನು ಒಂದೊಂದಾಗಿ ಊರಿಗೆ ಬಿಡಿಸಿ ಹೇಳುತ್ತಾರೆ. ಚರ್ಚಿನ ಹಿಂದಿನ ಕೋಣೆಯಿಂದ ಹೊರಡುವ ನಮ್ಮ ರೇಡಿಯೋಗೆ ಫುಟ್‌ಬಾಲ್ ಬಿಟ್ಟರೆ ಇಷ್ಟು ಕೇಳುಗರು ಬೇರೆ ಯಾವ ಕಾರ್ಯಕ್ರಮಕ್ಕೂ ಇಲ್ಲ. ಯಾಕೆಂದರೆ ನಮ್ಮವರಿಗೆ ಆ ಪೀಠದ ಮೇಲೆ ಇರುವ ಸಲಿಗೆ ಬೇರೆ ಯಾವ ಕಚೇರಿಯ ಮೇಲೂ ಇಲ್ಲ. ವಕೀಲರು ಬೇಡ, ಶುಲ್ಕ ಬೇಡ, ಯಾವ ಕಾಗದದ ಮೇಲೆ ಬರೆದರೂ ಆಯಿತು. ಗಂಡ ಟೀವಿ ಬಿಟ್ಟುಕೊಡದಿದ್ದರೆ ಹೆಂಡತಿ "ನಾಲ್ಕನೇ ಪೀಠಕ್ಕೆ ಹೋಗ್ತೀನಿ ನೋಡಿ" ಅನ್ನುತ್ತಾಳೆ. ತಮಾಷೆಗೇ ಅನ್ನುವುದು, ಆದರೆ ಬೇಕಾದರೆ ನಿಜಕ್ಕೂ ಹೋಗಬಹುದೆನ್ನುವ ಧೈರ್ಯ ಆ ತಮಾಷೆಯ ಅಡಿಯಲ್ಲಿ ಇದ್ದೇ ಇರುತ್ತದೆ.

ಒದಿಲಿಯಾ ತಮಾಷೆಗೆ ಹೋದವರಲ್ಲ. ಎರಡು ಮಳೆಗಾಲದ ಹಿಂದೆ ಪ್ರಿಯೆಟಾ ಹೊಳೆ ತೂಗುಸೇತುವೆಯನ್ನು ಕಿತ್ತುಕೊಂಡು ಹೋಯಿತು. ಆಚೆ ದಡದ ಕೊಯೊಲಾರ್‌ನಲ್ಲಿ ಹದಿನೇಳು ಮನೆ, ಶಾಲೆ ಇರುವುದು ಈಚೆ, ಸಾಂತಾ ಎದುವಿಹೆಸ್ ಊರಿನಲ್ಲಿ. ಸೇತುವೆ ಹೋದ ಮೇಲೆ ಗಂಡಸರು ಸೇರಿ ದಡದಿಂದ ದಡಕ್ಕೆ ಉಕ್ಕಿನ ಹಗ್ಗ ಬಿಗಿದು, ಅದಕ್ಕೊಂದು ಕಬ್ಬಿಣದ ತೊಟ್ಟಿಲು ತೂಗುಹಾಕಿದರು. ಅದರಲ್ಲಿ ಕೂತು ನೈಲಾನ್ ಹಗ್ಗ ಎಳೆದುಕೊಂಡು ದಾಟಬೇಕು. ದೊಡ್ಡವರೇ ಕೆಳಗೆ ನೋಡದೆ ದಾಟುತ್ತಾರೆ. ಎಂಟು ವರ್ಷದ ಮರಿಪಾಸ್ ಅಜ್ಜಿಯ ಸೊಂಟ ತಬ್ಬಿಕೊಂಡು, ನೀರು ಏರಿದ್ದರೆ ಕಣ್ಣು ಮುಚ್ಚಿಕೊಂಡು, ದಿನಕ್ಕೆರಡು ಸಲ ದಾಟುತ್ತಿದ್ದಳು. ಹೊಳೆ ತೀರಾ ಉಕ್ಕಿ ಹಗ್ಗ ಮುಟ್ಟಿದ ದಿನ ಅದೂ ಇಲ್ಲ. ಒಮ್ಮೆ ತೊಟ್ಟಿಲು ನಡುನೀರಿನ ಮೇಲೆ ಸಿಕ್ಕಿಕೊಂಡು ಅಜ್ಜಿ ಮೊಮ್ಮಗಳು ಒಂದು ಗಂಟೆ ನೇತಾಡಿದ್ದರು.

ಪುರಸಭೆಗೆ ಕೊಟ್ಟ ಮನವಿಗಳಿಗೆ ಉತ್ತರವೇ ಇರಲಿಲ್ಲ. ಏಪ್ರಿಲ್ ಮುಗಿದ ದಿನ ಒದಿಲಿಯಾ ಗೋಡೆಯ ಕ್ಯಾಲೆಂಡರಿನಿಂದ ಏಪ್ರಿಲ್ ಹಾಳೆಯನ್ನೇ ಹರಿದು, ಅದರ ಬೆನ್ನ ಮೇಲೆ ಅರ್ಜಿ ಬರೆದು ನಾಲ್ಕನೇ ಪೀಠಕ್ಕೆ ಕಳಿಸಿದರು. ಆಗಸ್ಟ್‌ನಲ್ಲಿ ಅಲ್ಲಿಂದ ಮೂರು ಸಾಲು ಬಂತು. ಆ ಪೀಠದ ಪದ್ಧತಿಯೇ ಹಾಗೆ. ನಿರ್ಣಯವನ್ನು ಮೊದಲು ತಿಳಿಸುತ್ತಾರೆ, ಕಾರಣಗಳ ಪೂರ್ತಿ ಪಾಠ ತಿಂಗಳುಗಟ್ಟಲೆ ಆದಮೇಲೆ ಬರುತ್ತದೆ. ಮೂರು ಸಾಲಿನಲ್ಲಿ ಇದ್ದದ್ದು ಇಷ್ಟು: ಅರ್ಜಿಯನ್ನು ಭಾಗಶಃ ಪುರಸ್ಕರಿಸಲಾಗಿದೆ, ಕಾರಣಗಳ ಕೊನೆಯ ಭಾಗದಲ್ಲಿ ಹೇಳಿರುವ ರೀತಿಯಲ್ಲಿ ಮೇಯರರು ಅರ್ಜಿದಾರರಿಗೆ ಉತ್ತರ ಕೊಡತಕ್ಕದ್ದು.

ಓಲ್ಮನ್ ಮೇಷ್ಟ್ರು ಆ ಮೂರು ಸಾಲನ್ನು ರೇಡಿಯೋದಲ್ಲಿ ಓದಿ, "ಗೆದ್ದೆವು! ಸೇತುವೆ ಬಂತು!" ಅಂದುಬಿಟ್ಟರು. ಊರು ಪಟಾಕಿ ಹೊಡೆಯಿತು. ಹೊಳೆ ದಡದಲ್ಲಿ ಅಂಗಡಿ ಇಟ್ಟಿರುವ ದೋನ್ ಬೆಲಿಸಾರಿಯೊ ಡಿಸೆಂಬರಿಗೆಂದು ಸಾಕಿದ್ದ ಹಂದಿಯನ್ನು ಅವತ್ತೇ ಕಡಿಸಿದ. ಒದಿಲಿಯಾರನ್ನು ಕುರ್ಚಿಯ ಮೇಲೆ ಕೂರಿಸಿ ಎತ್ತಿ ಕುಣಿದರು. ಮುಂದಿನ ವಾರ ಮೇಯರ್ ದೋನ್ ಎವೆಲಿಯೊ ಕಡೆಯಿಂದ ಮೊಹರು ಹಾಕಿದ ಕಾಗದ ಬಂತು. ತಮ್ಮ ಮನವಿ ತಲುಪಿದೆ, ಸದ್ಯಕ್ಕೆ ಅನುದಾನ ಲಭ್ಯವಿಲ್ಲ. ಪೀಠ ಉತ್ತರ ಕೊಡು ಅಂದಿತ್ತು, ಕೊಟ್ಟಿದ್ದೇವೆ, ಅಲ್ಲಿಗೆ ಮುಗಿಯಿತು ಅಂದರು ಪುರಸಭೆಯ ವಕೀಲರು.

ಅಲ್ಲಿಂದ ಶುರುವಾಯಿತು ನಗೆ. ನಮ್ಮ ಊರು ಕೆಟ್ಟದ್ದಲ್ಲ, ಆದರೆ ಮುಗ್ಗರಿಸಿ ಬಿದ್ದವರನ್ನು ಎಬ್ಬಿಸುವ ಮೊದಲು ಒಂದು ಸಲ ನಕ್ಕುಬಿಡುವ ಚಾಳಿ ಇದೆ. ಒದಿಲಿಯಾ ಅಂಗಡಿಗೆ ಹೋದರೆ ಯಾರೋ ಒಬ್ಬರು "ದೋನ್ಯಾ, ಕಾಗದದ ಸೇತುವೆ ಮೇಲೆ ದಾಟಿ ಬಂದ್ರಾ?" ಅನ್ನುವರು. ಬೆಲಿಸಾರಿಯೊ ಅಂತೂ ದಿನಾ ಒಂದೇ ಪಲ್ಲವಿ. "ಒಂದು ಕಾಗದಕ್ಕೋಸ್ಕರ ಸತ್ತ ಹಂದಿ ಪ್ರಪಂಚದಲ್ಲಿ ನಂದೊಂದೇ! ನಂಗೆ ಹಂದಿ ವಾಪಸ್ ಕೊಡ್ಸಿ ಅಂತ ನಾನೂ ಪೀಠಕ್ಕೆ ಬರೀತೀನಿ."

ಒದಿಲಿಯಾ ಉಪ್ಪು ಸಕ್ಕರೆ ತಗೊಂಡು ಹೋಗುತ್ತಿದ್ದರು. ಅಲಹುವೇಲಾದ ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದ ಮಗಳು ಯೆಸೆನಿಯಾ ನವೆಂಬರಿನಲ್ಲಿ ಫೋನ್ ಮಾಡಿದಳು. "ಅಮ್ಮ, ನಿನ್ನ ಪೀಠ ನೋಡಿದ್ದಾಯ್ತು. ನಾನು ಸೋಪಿನ ನೀರಲ್ಲಿ ಕೈ ಅದ್ದಿಕೊಂಡು ನಿಂತಿದ್ರೂ ಮನಸ್ಸೆಲ್ಲ ಆ ತೊಟ್ಟಿಲ ಮೇಲೇ ಇರುತ್ತೆ. ಡಿಸೆಂಬರಲ್ಲಿ ಬಂದು ಕರ್ಕೊಂಡು ಹೋಗ್ತೀನಿ." ಮಗು ಹುಟ್ಟಿದ ಆರನೇ ತಿಂಗಳಿಂದ ಸಾಕಿದವರು ಒದಿಲಿಯಾ. ಆದರೂ ಮಗಳ ಭಯ ಕೇಳಿ ಆಗಲಿ ಬಾ ಅಂದರು. ಆ ಭಯ ಅವರದೂ ಆಗಿತ್ತು.

ಮೂರು ಗಂಟೆಗೆ ಓಲ್ಮನ್ ಮೈಕ್ ಹಾಕಿದರು.

"ಇದು ಕೋಸ್ಟರಿಕಾದ ಸಾಂತಾ ಎದುವಿಹೆಸ್ ರೇಡಿಯೋ. ಈ ವರ್ಷ ನಾಲ್ಕನೇ ಪೀಠ ಏನೇನು ಹೇಳಿತು ಅನ್ನೋದನ್ನ ನೋಡೋಣ. ಕಾಫಿ ಕಾಸ್ಕೊಂಡು ಕೂತ್ಕೊಳ್ಳಿ."

ಅವರು ದೇವರ ಬಗ್ಗೆ ಅಷ್ಟು ಮಾತಾಡುವವರಲ್ಲ, ಆದರೆ ಆ ಪೀಠದ ಮಾತು ಬಂದರೆ ದನಿಯೇ ಬದಲಾಗುತ್ತದೆ. ಕೊಲ್ಲಿಯ ಕೆಸರಿನಲ್ಲಿ ಚಿಪ್ಪು ಹೆಕ್ಕುವ ಹೆಂಗಸೊಬ್ಬಳು ಬರೆದ ಅರ್ಜಿಯ ಮೇಲೆ ದೊಡ್ಡ ಬಲೆಯ ಹಡಗುಗಳು ಸಮುದ್ರದಿಂದ ಹಿಂದಕ್ಕೆ ಸರಿದದ್ದನ್ನು ಹೇಳಿದರು. ರಾಷ್ಟ್ರಾಧ್ಯಕ್ಷರ ಸಹಿ ಬಿದ್ದಿದ್ದ ಆಜ್ಞೆಯನ್ನು ಪೀಠ ಹರಿದು ಹಾಕಿದ್ದನ್ನು ಹೇಳಿದರು. ಅದೇ ವಾರ, ಜೈಲಿನ ನೆಲದ ಮೇಲೆ ಮಲಗುತ್ತಿದ್ದ ಒಬ್ಬ ಕಳ್ಳ ಸಾಬೂನಿನ ಪೊಟ್ಟಣದ ಒಳಬದಿಗೆ "ನನಗೆ ಹಾಸಿಗೆ ಇಲ್ಲ" ಎಂದು ಬರೆದು ಕಳಿಸಿದ್ದನ್ನು, ಪೀಠ ಅವನಿಗೆ ಹಾಸಿಗೆ ಕೊಡಿಸಿದ್ದನ್ನು ಹೇಳಿದರು.

"ಅದೇ ಏಳು ಜನ ನ್ಯಾಯಮೂರ್ತಿಗಳು, ಅದೇ ಮೇಜು. ಒಂದು ಪಕ್ಕದಲ್ಲಿ ರಾಷ್ಟ್ರಾಧ್ಯಕ್ಷರ ಆಜ್ಞೆ, ಅದರ ಪಕ್ಕದಲ್ಲಿ ಸಾಬೂನಿನ ಪೊಟ್ಟಣ. ನೆನೆಸ್ಕೊಂಡ್ರೆ ನಂಗೆ ಈಗಲೂ ಮೈ ಜುಂ ಅನ್ನುತ್ತೆ ಕಣ್ರೀ," ಅಂದರು.

ಆಚೆ ದಡದಲ್ಲಿ ಒದಿಲಿಯಾ ರೇಡಿಯೋ ಹಾಕಿಕೊಂಡೇ ಮೊಮ್ಮಗಳ ಬಟ್ಟೆ ಮಡಚುತ್ತಿದ್ದರು. ಮರಿಪಾಸ್ ಅವರು ಮಡಚಿಟ್ಟಿದ್ದನ್ನು ಒಂದೊಂದಾಗಿ ಬಿಡಿಸಿ ಹಾಕುತ್ತಿದ್ದಳು.

"ಅಜ್ಜಿ, ಅಲಹುವೇಲಾದಲ್ಲಿ ಹೊಳೆ ಇಲ್ವಾ?"

"ಇದೆ. ಸೇತುವೇನೂ ಇದೆ."

"ಅಲ್ಲಿ ಕೋಳಿ ಸಾಕಬಹುದಾ?"

"ನಿಮ್ಮಮ್ಮ ಇರೋದು ಮೂರನೇ ಮಹಡೀಲಿ ಕಣೇ. ಬಿಡು, ಬಿಚ್ಚಬೇಡ ಅದನ್ನ."

ನಾಲ್ಕು ಗಂಟೆ ದಾಟಿತ್ತು. ಓಲ್ಮನ್ ಕುಡಿಯುವ ನೀರಿನ ತೀರ್ಪೊಂದನ್ನು ವಿವರಿಸುತ್ತಿದ್ದಾಗ ಎದುರಿನ ಕಂಪ್ಯೂಟರ್ ಟಿಣ್ ಅಂದಿತು. ರಜೆಗೆ ಮುಂಚೆ ಪೀಠದವರು ಮೇಜು ಖಾಲಿ ಮಾಡುವ ಹೊತ್ತು ಅದು. ವರ್ಷವಿಡೀ ಉಳಿದ ಪೂರ್ತಿ ಪಾಠಗಳೆಲ್ಲ ಒಂದೇ ಉಸಿರಿಗೆ ಹೊರಬೀಳುತ್ತವೆ. ಕೊಯೊಲಾರ್‌ನಲ್ಲಿ ಇಂಟರ್ನೆಟ್ ಇಲ್ಲದ್ದರಿಂದ ಒದಿಲಿಯಾ ಅರ್ಜಿಯ ಮೇಲೆ ರೇಡಿಯೋದ ವಿಳಾಸವನ್ನೇ ಬರೆದಿದ್ದರು. ಪರದೆಯ ಮೇಲೆ ಪ್ರಿಯೆಟಾ ಹೊಳೆಯ ಹೆಸರು ಕಂಡು ಓಲ್ಮನ್‌ಗೆ ಮಾತು ತಪ್ಪಿತು. ನೀರಿನ ವಿಷಯವನ್ನು ಹೇಗೋ ಮುಗಿಸಿ ಒಂದು ಹಾಡು ಹಾಕಿದರು.

ಹಾಡು ಸಣ್ಣದು. ತೀರ್ಪು ಉದ್ದದ್ದು. ಓಲ್ಮನ್‌ರ ಕೈ ತನ್ನಿಂತಾನೇ ಕೊನೆಯ ಪುಟಕ್ಕೆ ಹೋಯಿತು, ಆದರೆ ತೆರೆಯಲಿಲ್ಲ. ಆಗಸ್ಟ್‌ನಲ್ಲಿ ಕೊನೆಯನ್ನು ಮೊದಲು ಓದಿ ಬಾಯಿ ಹಾಕಿದ್ದು ಸಾಕಾಗಿತ್ತು. ಮೊದಲ ಪುಟದಿಂದ ಓದತೊಡಗಿದರು. ಪುರಸಭೆಯವರ ಆಕ್ಷೇಪಣೆ ಮುಗಿಯುವಷ್ಟರಲ್ಲಿ ಹಾಡೂ ಮುಗಿಯಿತು. ಮೈಕಿನ ಕೆಂಪು ದೀಪ ಉರಿಯುತ್ತಿತ್ತು. ಒದಿಲಿಯಾಗೆ ಕೊಟ್ಟ ಮಾತೂ ನೆನಪಿತ್ತು. ಒಂದು ಗುಟುಕು ನೀರು ಕುಡಿದರು.

"ನೋಡಿ," ಅಂದರು, "ಈಗ ತಾನೇ ಒಂದು ತೀರ್ಪಿನ ಪೂರ್ತಿ ಪಾಠ ಬಂದಿದೆ. ನಮ್ಮ ಹೊಳೇದು. ಇದರಲ್ಲಿ ಒಂದು ಹೆಸರಿದೆ, ಅದನ್ನ ನಾನು ಓದಲ್ಲ, ಮಾತು ಕೊಟ್ಟಿದ್ದೀನಿ. ಕೊನೇಲಿ ಏನಿದೆ ನಂಗೂ ಗೊತ್ತಿಲ್ಲ. ಒಳ್ಳೇದಿರಬಹುದು, ಇಲ್ಲದೇನೂ ಇರಬಹುದು. ಈ ಸಲ ಮೊದಲಿಂದ ಓದ್ತೀನಿ. ನನ್ ಜೊತೆ ನೀವೂ ಕೇಳಿ."

ಬೆಲಿಸಾರಿಯೊ ಅಂಗಡಿಯಲ್ಲಿ ಇಸ್ಪೀಟು ನಿಂತಿತು. "ಅಯ್ಯೋ, ಬಂತಪ್ಪ ಮತ್ತೆ ಕಾಗದದ ಸೇತುವೆ," ಅಂದ ಬೆಲಿಸಾರಿಯೊ. ಆದರೆ ರೇಡಿಯೋದ ದನಿಯನ್ನು ಜೋರು ಮಾಡಿದವನೂ ಅವನೇ. ಅದೇ ಹೊತ್ತಿಗೆ ಬಸ್ಸು ಬಂದು ನಿಂತಿತು. ಯೆಸೆನಿಯಾ ಇಳಿದಳು. ಅವಳ ಕೈಯಲ್ಲಿ ಒಂದು ದೊಡ್ಡ ಸೂಟ್‌ಕೇಸ್ ಇತ್ತು. ಮಗುವಿನ ಬಟ್ಟೆ ತುಂಬಿಕೊಂಡು ಹೋಗಲೆಂದು ಸಹೋದ್ಯೋಗಿಯಿಂದ ಎರವಲು ತಂದದ್ದು, ಒಳಗೆ ಏನೂ ಇರಲಿಲ್ಲ.

"ತೊಟ್ಟಿಲು ಆಚೆ ಇದೆಯಾ ದೋನ್ ಬೆಲಿಸಾರಿಯೊ?"

"ಶ್! ನಿಮ್ಮಮ್ಮಂದು ಓದ್ತಾ ಇದಾರೆ."

ಓಲ್ಮನ್ ಓದುತ್ತಿದ್ದರು. "ಪುರಸಭೆಯ ವಾದವೇನೆಂದರೆ, ಹೊಳೆಯ ಆಚೆ ಇರುವ ಮನೆಗಳು ಕೇವಲ ಹದಿನೇಳು, ಮಕ್ಕಳು ದಾಟಲು ಒಂದು ವ್ಯವಸ್ಥೆ ಈಗಾಗಲೇ ಇದೆ, ಅದನ್ನು ಅವರು ರೂಢಿ ಮಾಡಿಕೊಂಡಿದ್ದಾರೆ." ಅಂಗಡಿಯಲ್ಲಿ ಯಾರೋ ಹಲ್ಲು ಕಡಿದು ಬೈದರು. "ಇದಕ್ಕೆ ಉತ್ತರವಾಗಿ ಈ ಪೀಠ ಅರ್ಜಿದಾರರ ಮಾತನ್ನೇ ಇಲ್ಲಿ ಎತ್ತಿ ಬರೆಯುತ್ತದೆ. ಅದಕ್ಕಿಂತ ಸ್ಪಷ್ಟವಾಗಿ ನಾವು ಹೇಳಲಾರೆವು. ಅರ್ಜಿದಾರರು ಬರೆಯುತ್ತಾರೆ..."

ರೇಡಿಯೋದಲ್ಲಿ ಓಲ್ಮನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮತ್ತೆ ಎತ್ತಿಕೊಂಡ ಸದ್ದು ಕೇಳಿಸಿತು.

"'ನನ್ನ ಮೊಮ್ಮಗಳಿಗೆ ಶಾಲೆಗೆ ಹೋಗುವಾಗ ಹೆದರಿಕೆ ಇಲ್ಲ ಸ್ವಾಮಿ. ಬೆಳಿಗ್ಗೆ ಹೊಳೆ ತಣ್ಣಗಿರುತ್ತದೆ. ಮನೆಗೆ ಬರುವಾಗ ಹೆದರುತ್ತಾಳೆ, ಮಧ್ಯಾಹ್ನಕ್ಕೆ ಹೊಳೆ ಏರಿರುತ್ತದೆ. ಮನೆಗೆ ಹೋಗಬೇಕಲ್ಲ ಅಂತ ಮಗು ಅಳಬಾರದು. ಮಕ್ಕಳು ಮನೆಗೆ ಓಡಿ ಬರಬೇಕು.'"

ಒದಿಲಿಯಾರ ಕೈಯಲ್ಲಿದ್ದ ಲಂಗ ಕೈಯಲ್ಲೇ ಉಳಿಯಿತು. ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಬೀನ್ಸ್ ಬೇಯುವುದನ್ನು ಕಾಯುತ್ತಾ, ಕ್ಯಾಲೆಂಡರಿನ ಬೆನ್ನ ಮೇಲೆ ಬರೆದ ಮಾತು ಅದು. ಬರೆದ ಮೇಲೆ ತೀರಾ ಮನೆ ಮಾತಾಯಿತೇನೋ ಎಂದು ಹೊಡೆದುಹಾಕಲು ಹೊರಟು, ಪೆನ್ನಿನ ಶಾಯಿ ಮುಗಿದಿದ್ದರಿಂದ ಬಿಟ್ಟಿದ್ದರು. ಅದೇ ಮಾತು ಬೆಟ್ಟ ಹತ್ತಿ ರಾಜಧಾನಿಗೆ ಹೋಗಿ, ಏಳು ಜನರ ಮೇಜಿನ ಮೇಲೆ ಕೂತು, ಈಗ ತೀರ್ಪಾಗಿ ಅವರ ಅಡುಗೆಮನೆಗೇ ವಾಪಸ್ ಬಂದಿತ್ತು.

"ಅಜ್ಜಿ," ಅಂದಳು ಮರಿಪಾಸ್, "ಅದು ನಾನು."

"ಹೂಂ ಕಣೇ. ನೀನೇ."

ಇಬ್ಬರೂ ಬ್ಯಾಟರಿ ರೇಡಿಯೋ ಎತ್ತಿಕೊಂಡು ಹೊಳೆಯ ಕಡೆ ಇಳಿದರು. ಮನೆಯಲ್ಲಿ ಕೂತು ಕೇಳುವುದು ಆಗಲಿಲ್ಲ. ಕೊಯೊಲಾರ್‌ನ ಬೇರೆ ಮನೆಗಳಿಂದಲೂ ಜನ ಆಗಲೇ ಇಳಿಯುತ್ತಿದ್ದರು. ಸಣ್ಣ ಮಳೆ ಬೀಳುತ್ತಿತ್ತು, ಯಾರೂ ಕೊಡೆ ಬಿಚ್ಚಲಿಲ್ಲ. ಊರಿನ ಕಡೆಯ ದಡದಲ್ಲಿ ಬೆಲಿಸಾರಿಯೊ ರೇಡಿಯೋವನ್ನು ಅಂಗಡಿಯ ಹೊರಗೆ ತಂದಿಟ್ಟಿದ್ದ. ಎರಡು ದಡದಲ್ಲೂ ಓಲ್ಮನ್ ಮೇಷ್ಟ್ರ ಒಂದೇ ದನಿ, ನಡುವೆ ಕೆಂಪಗೆ ಉಕ್ಕುವ ಹೊಳೆ.

"ಈಗ ಕೊನೆಯ ಭಾಗ," ಅಂದರು ಮೇಷ್ಟ್ರು. "ತಾನು ಉತ್ತರ ಕೊಟ್ಟಿರುವುದಾಗಿ ಪುರಸಭೆ ಒಂದು ಪತ್ರವನ್ನು ಈ ಪೀಠಕ್ಕೆ ಸಲ್ಲಿಸಿದೆ. ಅರ್ಜಿದಾರರು ಕೇಳಿದ್ದು ಪತ್ರವನ್ನಲ್ಲ. ಹೊಳೆಯನ್ನು ದಾಟಲಾರದ ಉತ್ತರ ಉತ್ತರವೇ ಅಲ್ಲ. ಆದ್ದರಿಂದ ಹದಿನೆಂಟು ತಿಂಗಳೊಳಗೆ ಪ್ರಿಯೆಟಾ ಹೊಳೆಗೆ ಜನ ನಡೆದಾಡುವ ಭದ್ರವಾದ ಸೇತುವೆಯನ್ನು ಕಟ್ಟಿ ಮುಗಿಸತಕ್ಕದ್ದು. ಅಲ್ಲಿಯವರೆಗೆ, ಬರುವ ಫೆಬ್ರವರಿಯಲ್ಲಿ ಶಾಲೆ ತೆರೆಯುವ ಮೊದಲ ದಿನದಿಂದಲೇ, ನುರಿತ ನಾವಿಕ, ಮೋಟಾರು ದೋಣಿ ಮತ್ತು ಪ್ರತಿ ಮಗುವಿಗೂ ತೇಲುವ ಅಂಗಿಯನ್ನು ಪುರಸಭೆ ಒದಗಿಸತಕ್ಕದ್ದು. ಹೊಳೆ ಉಕ್ಕಿ ದೋಣಿ ಇಳಿಸಲಾಗದ ದಿನ ಶಿಕ್ಷಕರು ಮಕ್ಕಳಿರುವ ದಡಕ್ಕೆ ಮುಂಚಿತವಾಗಿ ಹೋಗಿ ಅಲ್ಲಿಯೇ ಪಾಠ ಮಾಡತಕ್ಕದ್ದು. ತಪ್ಪಿದಲ್ಲಿ ಮೇಯರರು ಖುದ್ದಾಗಿ ಸೆರೆವಾಸಕ್ಕೆ ಗುರಿಯಾಗುತ್ತಾರೆ."

ಯಾರೂ ಕೂಗಲಿಲ್ಲ. ಆಗಸ್ಟ್‌ನಲ್ಲಿ ಕುಣಿದವರೇ ಎಲ್ಲ, ಈಗ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ಬೆಲಿಸಾರಿಯೊ ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದ. ಚರ್ಚಿನಲ್ಲಿ ಕೂಡ ಅವನು ಅದನ್ನು ತೆಗೆಯುವುದು ಕಡಿಮೆ.

"ಇನ್ನೂ ಇದೆ," ಅಂದರು ಓಲ್ಮನ್. "ಈ ಆದೇಶವು ಪ್ರಿಯೆಟಾ ಹೊಳೆಗೆ ಮಾತ್ರ ಸೀಮಿತವಲ್ಲ. ಈ ದೇಶದಲ್ಲಿ ಯಾವ ಹೊಳೆಯ ಯಾವ ದಡದಲ್ಲಾದರೂ ಒಂದು ಮಗು ಮನೆಗೆ ಮರಳಲು ಹೆದರಿ ನಿಂತಿದ್ದರೆ, ಅಲ್ಲಿಯ ಅಧಿಕಾರಿಗಳು ಇದನ್ನು ತಮಗೇ ಹೇಳಿದ್ದೆಂದು ತಿಳಿಯತಕ್ಕದ್ದು." ಓದುವುದನ್ನು ಅಲ್ಲಿಗೆ ಬಿಟ್ಟು ತಮ್ಮ ಮಾತಿಗೆ ಬಂದರು. "ನಾನು ಬೆಳಿಗ್ಗೆಯಿಂದ ಈ ವರ್ಷದ ದೊಡ್ಡ ತೀರ್ಪು ಯಾವುದು ಅಂತ ಹುಡುಕ್ತಾ ಇದ್ದೆ. ಅದು ನಮ್ಮ ಹೊಳೆ ದಡದಲ್ಲೇ ಇತ್ತು ಕಣ್ರೀ, ನಂಗೆ ಗೊತ್ತೇ ಆಗ್ಲಿಲ್ಲ."

ಆಮೇಲೆ ಅವರ ದನಿಗೆ ನಗು ಬಂತು. "ಭಾಗಶಃ ಅಂತ ಯಾಕಂದ್ರು ಅಂತ ನಾವೆಲ್ಲ ತಲೆ ಕೆಡಿಸ್ಕೊಂಡಿದ್ವಲ್ಲ, ಅದೂ ಇದೆ, ಕೇಳಿ. 'ಸೇತುವೆ ಆಗುವವರೆಗೆ ಮೇಯರರೂ ದಿನಾ ಬೆಳಿಗ್ಗೆ ಇದೇ ತೊಟ್ಟಿಲಿನಲ್ಲಿ ಹೊಳೆ ದಾಟಿ ಬಂದು ಕಚೇರಿಗೆ ಹೋಗಬೇಕು ಎಂಬ ಅರ್ಜಿದಾರರ ಎರಡನೇ ಕೋರಿಕೆಯನ್ನು, ಕಾನೂನಿನಲ್ಲಿ ಅವಕಾಶವಿಲ್ಲದ ಕಾರಣ, ನಿರಾಕರಿಸಲಾಗಿದೆ.'"

ಆಗ ಒಡೆಯಿತು ನಗು. ಎರಡು ದಡದಲ್ಲೂ ಒಟ್ಟಿಗೆ ಒಡೆಯಿತು. ಅದು ನಾಲ್ಕು ತಿಂಗಳು ಒದಿಲಿಯಾ ಕೇಳಿದ ನಗುವಾಗಿರಲಿಲ್ಲ. ಅವರೂ ಸೊಂಟದ ಏಪ್ರನ್ನಿನಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದರು, ಅಳುತ್ತಲೂ ಇದ್ದರು.

"ಒಬ್ಬರು ನ್ಯಾಯಮೂರ್ತಿ ಭಿನ್ನಾಭಿಪ್ರಾಯ ಬರೆದಿದ್ದಾರೆ," ರೇಡಿಯೋ ಹೇಳುತ್ತಿತ್ತು. "ಹದಿನೆಂಟು ತಿಂಗಳು ತೀರಾ ಜಾಸ್ತಿ ಆಯ್ತು, ಒಂದೇ ವರ್ಷ ಸಾಕು ಅಂತ ಆಯಮ್ಮನ ಮತ."

"ಆಯಮ್ಮನಿಗೊಂದು ಹಂದಿ ಕಳಿಸ್ಬೇಕಲ್ಲಯ್ಯಾ!" ಅಂದ ಬೆಲಿಸಾರಿಯೊ. ಟೋಪಿ ಇನ್ನೂ ಎದೆಯ ಮೇಲೇ ಇತ್ತು.

ಯೆಸೆನಿಯಾ ನಗಲಿಲ್ಲ. ಅವಳು ಖಾಲಿ ಸೂಟ್‌ಕೇಸನ್ನು ದಡದ ಕಲ್ಲುಗಳ ನಡುವೆ ಅಡ್ಡ ಮಲಗಿಸಿ, ಅದರ ಮೇಲೆ ಕೂತುಬಿಟ್ಟಿದ್ದಳು. ಬೆಲಿಸಾರಿಯೊ ಹತ್ತಿರ ಹೋದ.

"ಕೇಳಿಸ್ತೇನಮ್ಮ?"

"ಕೇಳಿಸ್ತು. ಆಗಸ್ಟ್‌ನಲ್ಲೂ ಕೇಳಿಸಿತ್ತು."

"ಆಗ ನಾವು ಮೂರು ಸಾಲು ಕೇಳಿ ಕುಣಿದ್ವಿ. ಇದು ಬೇರೆ."

"ದೋಣಿ ಬರುತ್ತೆ ಅಂತೀರಾ?"

ಬೆಲಿಸಾರಿಯೊಗೆ ಸುಳ್ಳು ಹೇಳಲಾಗಲಿಲ್ಲ. "ಎವೆಲಿಯೊ ಜೈಲಿಗೆ ಹೋಗೋಷ್ಟು ಧೈರ್ಯಸ್ಥ ಅಲ್ಲಮ್ಮ," ಅಂದ. "ನಂಗೊತ್ತು ಅವನು. ದೋಣಿ ಬರುತ್ತೆ. ಬಣ್ಣ ಹೊಡೆಸಿ, ಅದರ ಮೇಲೆ ತನ್ನ ಹೆಸರೂ ಬರೆಸ್ತಾನೆ ನೋಡು."

ಯೆಸೆನಿಯಾ ಹೊಳೆಯ ಆಚೆ ನೋಡಿದಳು. ಆಚೆಯ ದಡದ ಗುಂಪಿನಲ್ಲಿ ಕೆಂಪು ಅಂಗಿಯ ಒಂದು ಪುಟ್ಟ ಆಕೃತಿ ಎಗರೆಗರಿ ಏನೋ ಕೂಗುತ್ತಿತ್ತು. ಹೊಳೆಯ ಸದ್ದಿನಲ್ಲಿ ಒಂದಕ್ಷರವೂ ತಲುಪಲಿಲ್ಲ. ಆದರೆ ಮಗು ತನ್ನ ಎದೆಯನ್ನು ಎರಡೂ ಕೈಯಲ್ಲಿ ತಟ್ಟಿ ತಟ್ಟಿ ತೋರಿಸುತ್ತಿದ್ದುದು ಕಾಣುತ್ತಿತ್ತು. ನಾನು, ನಾನು, ಅದು ನಾನು. ಅವಳ ಪಕ್ಕದಲ್ಲಿ ಯೆಸೆನಿಯಾಳ ತಾಯಿ ಕೈಯನ್ನೂ ಎತ್ತದೆ, ಕೂಗಿಯೂ ಕರೆಯದೆ, ರೇಡಿಯೋವನ್ನು ಮಗುವಿನಂತೆ ತಬ್ಬಿಕೊಂಡು ನಿಂತಿದ್ದರು. ನಿರ್ಧಾರ ನಿನ್ನದು ಎನ್ನುವುದನ್ನು ಅಷ್ಟು ದೂರದಿಂದಲೂ ಆ ನಿಲುವಿನಲ್ಲಿ ಓದಬಹುದಾಗಿತ್ತು.

ಕಾರ್ಯಕ್ರಮ ಮುಗಿದಿತ್ತು. ಓಲ್ಮನ್ ಮೇಷ್ಟ್ರು ಟೈ ಸಡಿಲಿಸದೆಯೇ, ಒಂದು ತಮಾಲೆಯನ್ನು ಕೈಯಲ್ಲಿ ಹಿಡಿದುಕೊಂಡು, ಚರ್ಚಿನ ಇಳಿಜಾರಿನಲ್ಲಿ ಹೊಳೆಯತ್ತ ಓಡಿಬರುತ್ತಿದ್ದರು. ಯಾರೋ ನೈಲಾನ್ ಹಗ್ಗ ಎಳೆದರು. ಆಚೆಯಿಂದ ಖಾಲಿ ತೊಟ್ಟಿಲು ಕಿರ್ರೆನ್ನುತ್ತಾ, ಅಲ್ಲಾಡುತ್ತಾ, ಉಕ್ಕುವ ನೀರಿನ ಮೇಲಿಂದ ಈಚೆಗೆ ಬಂತು.

ಯೆಸೆನಿಯಾ ಎದ್ದು ನಿಂತಳು. ಪ್ಯಾಂಟಿಗೆ ಅಂಟಿದ ಮರಳನ್ನು ಕೊಡವಿದಳು. ತೊಟ್ಟಿಲಿಗೆ ಹತ್ತಿ ಕೂತು, ಎರಡೂ ಬದಿಯ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಪೆಟ್ಟಿಗೆ ಮರೆತೆಯಲ್ಲಮ್ಮ," ಎಂದು ಬೆಲಿಸಾರಿಯೊ ಕೂಗಿದ.

"ಅದು ಈಗ ಬೇಡ, ನಿಮ್ಮಲ್ಲೇ ಇರಲಿ," ಅಂದಳು ಯೆಸೆನಿಯಾ. ಹಗ್ಗ ಎಳೆಯತೊಡಗಿದಳು. ನಡುನೀರಿನ ಮೇಲೆ, ಮಗಳು ದಿನಾ ಮಾಡುತ್ತಿದ್ದ ಹಾಗೆ, ಅವಳೂ ಕಣ್ಣು ಮುಚ್ಚಿಕೊಂಡಿದ್ದು ಕಂಡಿತು.

ಮಳೆ ಜೋರಾಯಿತು. ಬೆಲಿಸಾರಿಯೊ ಆ ಸೂಟ್‌ಕೇಸನ್ನು ಎತ್ತಿಕೊಂಡು ಬಂದು ಅಂಗಡಿಯ ಒಳಗೆ, ಅಕ್ಕಿ ಮೂಟೆಗಳ ಮೇಲೆ, ಒದ್ದೆಯಾಗದ ಜಾಗ ನೋಡಿ ಇಟ್ಟ. ಅಷ್ಟು ದೊಡ್ಡದಾಗಿ ಕಂಡರೂ ಅದರಲ್ಲಿ ಭಾರವೇ ಇರಲಿಲ್ಲ.